ರಾಜನಿಗೆ ಸಿಕ್ಕ ರಿಯಾಯಿತಿ

ನಮ್ಮ ಆಡು-ಹುಲಿಯಂತೆ ವೈಕಿಂಗರ ಹ್ನೆಫತಾಫ್ಲ್ ಆಟದಲ್ಲೂ ಎರಡು ಪಕ್ಷ ಸರಿಸಮವಲ್ಲ. ನಡುಮನೆಯಲ್ಲಿ ರಾಜ, ಸುತ್ತ ಅವನವರು. ಅಂಚಿನಲ್ಲಿ ಅವರ ಎರಡರಷ್ಟು ವೈರಿಗಳು. ರಾಜ ಪಾರಾದರೆ ಗೆದ್ದ. ವೈಕಿಂಗರ ನಿಯಮಗಳು ಬರಹದಲ್ಲಿ ಉಳಿದಿಲ್ಲ. ಅದೇ ಕುಲದ ತಬ್ಲುತ್ ಆಟವನ್ನು 1732ರಲ್ಲಿ ಲಿನೇಯಸ್ ಲ್ಯಾಪ್‌ಲ್ಯಾಂಡಿನ ಸಾಮಿ ಜನರಲ್ಲಿ ಕಂಡು ಬರೆದಿಟ್ಟಿದ್ದೇ ಆಧಾರ.

ನಾನು ಮೊದಲು ಕಲಿತದ್ದು 1811ರ ಇಂಗ್ಲಿಷ್ ಅನುವಾದದಿಂದ ಬಂದ ನಿಯಮ: ರಾಜ ಎಲ್ಲಿದ್ದರೂ ನಾಲ್ಕೂ ಕಡೆಯಿಂದ ಮುತ್ತಬೇಕು. ಆಡಿದಷ್ಟೂ ರಾಜನದೇ ಗೆಲುವು. ಮುತ್ತುವ ಕಡೆ ಕೂರಲು ಮಗಳು ಒಲ್ಲೆನೆಂದಳು. (ಸರಿಯೇ!) ಮೂಲ ಲ್ಯಾಟಿನ್‌ನಲ್ಲಿ ಹಾಗಿಲ್ಲವಂತೆ. ಸಿಂಹಾಸನದಲ್ಲಿದ್ದರೆ ನಾಲ್ವರು, ಪಕ್ಕದಲ್ಲಿದ್ದರೆ ಮೂವರು, ದೂರ ಬಂದರೆ ಮಿಕ್ಕ ಕಾಯಿಗಳಂತೆ ಅವನಿಗೂ ಇಬ್ಬರೇ ಸಾಕು. ಆಟ ಸಪ್ಪೆ ಎನ್ನುವವರು ದೂರಬೇಕಾದದ್ದು ಅನುವಾದವನ್ನು. ಮೂಲದಂತೆ ಆಡಿ ನೋಡಿ, ರಾಜ ಮನೆ ಬಿಡುವ ಮುಂಚೆ ಎಷ್ಟು ಹೊತ್ತು ಯೋಚಿಸುತ್ತಾನೆಂದು.