ಓಲೆಗರಿ ಪ್ರತಿಗಳ ನಕಲಿಗೆ ಒಂದು ಕಿರುಕ್ಯಾಮೆರಾ

ಕ್ಯಾನನ್ ಪವರ್‌ಶಾಟ್ ಎ620 ಎಂಬ ಡಿಜಿಟಲ್ ಕ್ಯಾಮೆರಾ 2005ರಲ್ಲಿ ಹೊರಬಂದುದು. ತಯಾರಿಕೆ ನಿಂತು ಬಹುಕಾಲವಾಗಿದೆ. ಬಳಸಿದ ಯಂತ್ರವು ಅಲ್ಪಬೆಲೆಗೆ ದೊರೆಯುವುದರಿಂದ ಹಸ್ತಪ್ರತಿಗಳ ನಕಲಿಗೆ ಇದರ ಯೋಗ್ಯತೆ ಎಷ್ಟೆಂಬುದು ವಿಚಾರಣೀಯವಾಗಿದೆ.

ಇದು ನಾಲ್ಕು ಸಾಮಾನ್ಯ ಎಎ ಸೆಲ್ಲುಗಳಿಂದ ನಡೆಯುತ್ತದೆ. ಹಳ್ಳಿಯ ಬಸದಿಯಲ್ಲಿಯೂ ಕೆಲಸ ನಿಲ್ಲದು. ತಿರುಗಿಸಬಹುದಾದ ತೆರೆಯಿರುವುದರಿಂದ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಅಧೋಮುಖವಾಗಿ ಬಿಗಿದಾಗಲೂ ಕುಳಿತಲ್ಲಿಂದಲೇ ಗರಿಯನ್ನು ನೋಡಬಹುದು.

ಆದರೆ ಗರಿ ನೀಳವಾದುದು, ಚಿತ್ರದ ಚೌಕಟ್ಟು ಹಾಗಲ್ಲ. ಚಿತ್ರದ ಉದ್ದಳತೆ 3072 ಬಿಂದುಗಳು. 20 ಅಂಗುಲದ ಗರಿಯನ್ನು ಒಂದೇ ಚಿತ್ರದಲ್ಲಿ ಹಿಡಿದರೆ ಅಂಗುಲಕ್ಕೆ ಸುಮಾರು 150 ಬಿಂದುಗಳಷ್ಟೇ ದಕ್ಕುತ್ತವೆ. ಯಂತ್ರವು ಚಿತ್ರವನ್ನು ಜೆಪೆಗ್ ರೂಪದಲ್ಲಿ ಮಾತ್ರ ಸಂಕುಚಿಸಿ ಉಳಿಸುವುದರಿಂದ ಸೂಕ್ಷ್ಮರೇಖೆಗಳು ಇನ್ನೂ ಮಸುಕಾಗುತ್ತವೆ. ಕಂಟದಿಂದ ಕೊರೆದ ಮಹಾಪ್ರಾಣದ ಗೀಟು ಕಾಣದೆ ಹೋದರೆ ‘ಬಂಧ’ವು ‘ಬಂದ’ ಎಂದಾಗುತ್ತದೆ. ಕರ್ಮಸಿದ್ಧಾಂತದ ಗ್ರಂಥದಲ್ಲಿ ಇದು ಅಲ್ಪದೋಷವಲ್ಲ. ಲಿಪಿಕಾರರೂ ಈ ಗೀಟನ್ನು ಬಿಡುವುದುಂಟಷ್ಟೆ. ದೋಷವು ಅವರದೋ ಯಂತ್ರದ್ದೋ ಎಂದು ಸಂಪಾದಕನು ಚಿತ್ರವೊಂದರಿಂದಲೇ ನಿರ್ಣಯಿಸಲಾರನು. ಆದಕಾರಣ ಶಿಥಿಲಪ್ರತಿಗೆ ಇಂತಹ ಚಿತ್ರವನ್ನೇ ಏಕೈಕ ರಕ್ಷಣಾಪ್ರತಿಯಾಗಿ ಇಡುವುದು ಸಾಧುವಲ್ಲ.

ಪಾಠಶೋಧನೆಗೆ ಬಳಸುವುದಾದರೆ ಗರಿಯನ್ನು ಮೂರು ಭಾಗಗಳಾಗಿ, ಅಂಚುಗಳು ಒಂದರ ಮೇಲೊಂದು ಬರುವಂತೆ ತೆಗೆಯತಕ್ಕದ್ದು. 1 ಸೆಂ.ಮೀ. ಸಮೀಪದ ಮ್ಯಾಕ್ರೊ ಸೌಲಭ್ಯ ಹೇಳಿಕೊಳ್ಳಲು ಸೊಗಸು; ಅಷ್ಟು ಹತ್ತಿರದಲ್ಲಿ ಯಂತ್ರದ ನೆರಳೇ ಅಕ್ಷರಗಳನ್ನು ಮುಚ್ಚುತ್ತದೆ. ಎಣ್ಣೆ ಸವರಿದ ಗರಿಯ ಮೇಲೆ ಫ್ಲಾಶ್ ಬರಿಯ ಹೊಳಪನ್ನು ಕೊಡುವುದರಿಂದ ಅದನ್ನು ಆರಿಸಿಡಬೇಕು. ಮಸಿ ಹಚ್ಚದ ಗರಿಯಾದರೆ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಕೊರೆದ ಗೆರೆಗಳು ಸ್ಫುಟವಾಗಿ ಕಾಣುತ್ತವೆ.