ಟೇಲರ್ ಸಾಹೇಬ ಕಾದಂಬರಿ ಬರೆಯದ ವರ್ಷಗಳು

ಸುರಪುರದ ಟೇಲರ್ ಮಂಜಿಲ್ ನೋಡಲು ಗುಡ್ಡ ಹತ್ತಿದವರು ಬ್ರಿಟಿಷ್ ಅಧಿಕಾರಿಯೊಬ್ಬನ ಬಂಗಲೆ ನೋಡಿ ಬಂದೆವೆಂದುಕೊಂಡು ಇಳಿಯುತ್ತಾರೆ. ಅದು ಕಾದಂಬರಿಕಾರನ ಮನೆಯೂ ಹೌದು. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಈ ಸಂಸ್ಥಾನಕ್ಕೆ ಬರುವ ಮೊದಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ.

ಹೆಸರು ತಂದುಕೊಟ್ಟದ್ದು 1839ರ ‘ಕನ್ಫೆಷನ್ಸ್ ಆಫ್ ಎ ಥಗ್’. ಠಕ್ಕ ಅಮೀರ್ ಅಲಿ ಸೆರೆಯಲ್ಲಿ ಕೂತು ತಾನು ಮಾಡಿದ ಕೊಲೆಗಳ ಕಥೆಯನ್ನು ಸಾಹೇಬನೊಬ್ಬನಿಗೆ ಹೇಳುತ್ತ ಹೋಗುತ್ತಾನೆ. ಸಾಹೇಬ ನಡುವೆ ಬಾಯಿ ಹಾಕುವುದು ಅಪರೂಪ. ಕಾದಂಬರಿಯ ಬೆರಗೆಲ್ಲ ಇರುವುದು ಆ ಸುಮ್ಮನಿರುವಿಕೆಯಲ್ಲೇ. ಅಮೀರ್ ಅಲಿಯ ಸೊಗಸಾದ ಮಾತಿಗೆ ತಲೆದೂಗುತ್ತ ನಡೆದ ನಾವು, ಯಾರ ಜತೆ ದಾರಿ ಸವೆಸುತ್ತಿದ್ದೇವೆಂಬುದನ್ನೇ ಮರೆತಿರುತ್ತೇವೆ. ದಾರಿಹೋಕರು ಠಕ್ಕರನ್ನು ನಂಬಿ ಕೆಟ್ಟದ್ದೂ ಹೀಗೆಯೇ ತಾನೆ? ಮರುವರ್ಷ ಟಿಪ್ಪುವಿನ ಕುರಿತ ಕಾದಂಬರಿ ಬಂತು. ಆಮೇಲೆ 1863ರಲ್ಲಿ ‘ತಾರಾ’ ಬರುವವರೆಗೆ ಒಂದೂ ಕಾದಂಬರಿಯಿಲ್ಲ.

ಸುರಪುರದ ವರ್ಷಗಳೆಲ್ಲ ಈ ನಡುವಿನಲ್ಲೇ ಕಳೆದವು. 1853ರವರೆಗೆ ಆತ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿದ, ಕಂದಾಯದ ಲೆಕ್ಕ ಸರಿಪಡಿಸಿದ, ಬೋನಾಳ ಕೆರೆ ಸುಧಾರಿಸಿದ, ಶಹಾಪುರದ ಬಳಿ ವಿಭೂತಿಹಳ್ಳಿಯ ಪ್ರಾಚೀನ ಕಲ್ಲುಸಾಲುಗಳನ್ನು ದಾಖಲಿಸಿದ. ಕಚೇರಿ ಕೆಲಸ ಲೇಖಕನನ್ನು ತಿಂದುಹಾಕಿತು ಎಂದು ಮರುಗುವವರು ‘ಎ ನೋಬಲ್ ಕ್ವೀನ್’ ಓದಬೇಕು. ಲೇಖಕ ತೀರಿಕೊಂಡ ಮೇಲೆ, 1878ರಲ್ಲಿ ಪುಸ್ತಕವಾದ ಈ ಕಾದಂಬರಿ ಹೆಸರಿಗೆ ಚಾಂದ್‌ಬೀಬಿಯದು. ಜೀವ ಇರುವುದು ಮಾತ್ರ ಕೃಷ್ಣೆಯ ದಂಡೆಯಲ್ಲಿ, ಜಲದುರ್ಗದ ಕೋಟೆಯಲ್ಲಿ, ಬೇಡರ ನಾಯಕ ರಂಗನಾಯಕನಲ್ಲಿ. ಮೂರು ಮೈಲಿಯೊಳಗೆ ಸುಮಾರು 400 ಅಡಿ ಇಳಿದು ಭೋರ್ಗರೆಯುವ ಆ ಹೊಳೆಯನ್ನು ಆತ ಕಂಡದ್ದು ಅಧಿಕಾರಿಯಾಗಿ, ಬರೆದದ್ದು ಮುಪ್ಪಿನಲ್ಲಿ. ಬಂಡೆಗೆ ಬಡಿದ ನೀರಿನ ಸದ್ದು ಅಷ್ಟು ವರ್ಷ ಆತನ ಕಿವಿಯಲ್ಲೇ ಉಳಿದಿದ್ದಿರಬೇಕು. ಸಂಭಾಷಣೆ ಬಂದಾಗ ಸ್ವಲ್ಪ ಸೈರಿಸಿಕೊಳ್ಳಬೇಕು. ಪಾತ್ರಗಳು ರಂಗದ ಮೇಲೆ ನಿಂತವರಂತೆ ಮಾತಾಡುತ್ತವೆ, ನಾಯಕಿಯರಂತೂ ಅತಿ ಒಳ್ಳೆಯವರು.

ಇಷ್ಟಾಗಿಯೂ ಆತನ ಕಥನಕಲೆ ಪಕ್ವವಾಗಿ ಕಾಣುವುದು ಕಾದಂಬರಿಯಲ್ಲದ ಪುಸ್ತಕದಲ್ಲಿ. ಮಗಳು ಸಂಪಾದಿಸಿ 1877ರಲ್ಲಿ ಹೊರತಂದ ‘ದ ಸ್ಟೋರಿ ಆಫ್ ಮೈ ಲೈಫ್’ ಆತನ ಆತ್ಮಕಥೆ. ಅದರಲ್ಲಿ ಬಾಲರಾಜನ ತಾಯಿ ರಾಣಿ ಈಶ್ವರಮ್ಮನಿಗೂ ಶಾಸ್ತ್ರಿಗೂ ತಿಳಿದಿದ್ದ ಒಂದು ಗುಟ್ಟು ಸಾಹೇಬನ ಕಿವಿಗೂ ಬೀಳುತ್ತದೆ: ಹುಡುಗ ತನ್ನ 24ನೇ ವಯಸ್ಸಿನಲ್ಲಿ ಸಾಯುತ್ತಾನೆಂದು ಜಾತಕ ಹೇಳುತ್ತದೆ. ಟೇಲರ್ ಅದನ್ನು ಅಲ್ಲಿಗೇ ಬಿಟ್ಟು ಕೆರೆ, ರಸ್ತೆ, ಕಂದಾಯಗಳ ಮಾತಿಗೆ ಹೊರಳುತ್ತಾನೆ. ನಾವೂ ಮರೆಯುತ್ತೇವೆ. ‘ಅಪ್ಪ’ ಎಂದು ತನ್ನನ್ನು ಕರೆಯುತ್ತಿದ್ದ ಆ ಹುಡುಗ 1858ರಲ್ಲಿ ಬಂಡೆದ್ದು ಸೆರೆ ಸಿಕ್ಕುತ್ತಾನೆ. ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆವಾಸವಾಗುತ್ತದೆ. ಜಾತಕ ಸುಳ್ಳಾಯಿತೆಂದು ಉಸಿರು ಬಿಡುವಷ್ಟರಲ್ಲಿ, ಸೆರೆಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತನೆಂಬ ಸುದ್ದಿ! ಒಂದೇ ಒಂದು ವಿಶೇಷಣವನ್ನೂ ದುಂದು ಮಾಡದ ಬರವಣಿಗೆ.

ಸರ್ಕಾರಿ ದಾಖಲೆ ಅದನ್ನು ಆತ್ಮಹತ್ಯೆ ಎಂದಿತು. ಸುರಪುರದಲ್ಲಿ ಅನೇಕರು ಇಂದಿಗೂ ಒಪ್ಪುವುದಿಲ್ಲ. ತಾನು ಸಾಕಿದ ರಾಜನ ಕಥೆಯನ್ನು ಟೇಲರ್ ತನ್ನ ಕಡೆಯಿಂದ ಹೇಳಿ ಮುಗಿಸಿದ್ದಾನೆ. ಅದೇ ಕಥೆಯನ್ನು ವೆಂಕಟಪ್ಪ ನಾಯಕನ ಕಡೆಯಿಂದ ಬರೆಯುವ ಕೆಲಸವನ್ನು ಸುರಪುರವಿರುವ ಸಗರನಾಡಿನ ಕಥೆಗಾರರು ಕೈಗೆತ್ತಿಕೊಳ್ಳಬೇಕು.