ಬಿಸಿಲೂರಿಗೆ ಎಂಥ ರೆಸಿನ್?

ಕಾರ್ಬನ್ ಫೈಬರ್ ಬಾನೆಟ್ ಮಾಡಲು ಹೊರಟವರು ಮೊದಲು ವಿಚಾರಿಸುವುದು ಬಟ್ಟೆಯನ್ನು: ಯಾವ ನೇಯ್ಗೆ, ಎಷ್ಟು ಗ್ರಾಮಿನದು. ಬಟ್ಟೆಯ ಎಳೆಗಳನ್ನು ಹಿಡಿದಿಡುವ ರೆಸಿನ್ ಮಾತು ಕೊನೆಗೆ, ಅದೂ ದರ ಕೇಳುವಾಗ. ವಿಜಯಪುರದಲ್ಲಿ ಈ ಕ್ರಮ ನಡೆಯದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಗೋಳಗುಮ್ಮಟದ ಎದುರು ಮಧ್ಯಾಹ್ನ ನಿಲ್ಲಿಸಿದ ಕಾರಿನ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಕೆಳಗೆ ಎಂಜಿನ್ ಕಾವು ಬೇರೆ.

ಗಟ್ಟಿಯಾದ ರೆಸಿನ್ ಒಂದು ಮಟ್ಟದ ಬಿಸಿ ದಾಟಿದರೆ ಬಿಗಿ ಕಳೆದುಕೊಂಡು ಮೆತ್ತಗಾಗುತ್ತದೆ. ಡೇಟಾಶೀಟ್‌ನಲ್ಲಿ ಟಿಜಿ ಎಂದು ಬರೆದಿರುವುದು ಇದನ್ನೇ. ಹಾಗೇ ಒಣಗಲು ಬಿಟ್ಟ ಸಾಮಾನ್ಯ ಎಪಾಕ್ಸಿ ರೆಸಿನ್‌ನ ಟಿಜಿ ಎಷ್ಟೋ ಸಲ 50-60 ಡಿಗ್ರಿಗೇ ನಿಲ್ಲುತ್ತದೆ. ಅಂಥ ಬಾನೆಟ್ ಮೊದಲ ಬೇಸಿಗೆಯಲ್ಲೇ ಸೊಟ್ಟಗಾಗುತ್ತದೆ. ಕನ್ನಡಿಯಂತಿದ್ದ ಮೈಮೇಲೆ ನೇಯ್ಗೆಯ ಗೆರೆ ಏಳುತ್ತದೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್ಎಎಲ್ ರೂಪಿಸಿದ ಹಂಸದಂಥ ಕಾಂಪೊಸಿಟ್ ಲಘು ವಿಮಾನಗಳಿಗೆ ಬಿಳಿ ಬಣ್ಣ ಬಳಿಯುವುದು ಈ ಕಾವನ್ನು ತಡೆಯಲಿಕ್ಕೇ. ನಮಗೆ ಆ ದಾರಿಯಿಲ್ಲ. ಕಪ್ಪು ನೇಯ್ಗೆ ಕಾಣಲೆಂದೇ ಅಲ್ಲವೇ ಇಷ್ಟು ಖರ್ಚು!

ರೆಸಿನ್‌ಗಳಲ್ಲಿ ಪಾಲಿಯೆಸ್ಟರ್ ಬೇಡ. ಒಣಗುವಾಗ ಕುಗ್ಗುತ್ತದೆ, ಕಾರ್ಬನ್ ಎಳೆಗೆ ಸರಿಯಾಗಿ ಅಂಟುವುದಿಲ್ಲ. ವಿನೈಲ್ ಎಸ್ಟರ್ ಅದಕ್ಕಿಂತ ವಾಸಿ. ನನ್ನ ಆಯ್ಕೆ ಮಾತ್ರ ಎಪಾಕ್ಸಿ, ಅದೂ ಅದನ್ನು ನಿಧಾನವಾಗಿ ಗಟ್ಟಿಯಾಗಿಸುವ ಹಾರ್ಡ್ನರ್ ಜೊತೆ. ಶಾಖ 10 ಡಿಗ್ರಿ ಏರಿದರೆ ಕಲಸಿದ ಮೇಲೆ ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗಂಟೆ ತಾಳುವ ಮಿಶ್ರಣ ಬಬಲೇಶ್ವರದ ತಗಡಿನ ಶೆಡ್ಡಿನಲ್ಲಿ ಹತ್ತು ನಿಮಿಷಕ್ಕೆ ಡಬ್ಬಿಯಲ್ಲೇ ಹೊಗೆಯಾಡೀತು. ನಸುಕಿನಲ್ಲಿ ಕೆಲಸ ಹಿಡಿಯಿರಿ. ಕಾವು ಒಟ್ಟಾಗದಂತೆ ಕಲಸಿದ್ದನ್ನು ಅಗಲ ತಟ್ಟೆಗೆ ಸುರಿಯಿರಿ.

ಒಂದೂವರೆ ಚದರ ಮೀಟರ್ ಬಾನೆಟ್‌ಗೆ ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಮೂರು ಪದರವೆಂದರೆ 900 ಗ್ರಾಂ. ಕೈಯಿಂದ ಹಚ್ಚುವಾಗ ರೆಸಿನ್ ಕೂಡ ಸುಮಾರು ಅಷ್ಟೇ ಬೇಕು. ಹಾರ್ಡ್ನರನ್ನು ತೂಗಿಯೇ ಹಾಕಬೇಕು. ಲಾಪಾಕ್ಸ್ ಎಲ್-12 ಎಂಬ ಎಪಾಕ್ಸಿಗಾದರೆ 100 ಗ್ರಾಮಿಗೆ ಕೆ-6 ಹಾರ್ಡ್ನರ್ 10 ಗ್ರಾಂ. ಹೆಚ್ಚು ಸುರಿದರೆ ಬೇಗ ಗಟ್ಟಿಯಾದೀತೆಂಬ ಲೆಕ್ಕ ಇಲ್ಲಿ ನಡೆಯದು. ಉಳಿದ ಹಾರ್ಡ್ನರ್ ಒಳಗೇ ಸೇರಿಕೊಂಡು ಪ್ಯಾನೆಲ್ಲನ್ನು ದುರ್ಬಲ ಮಾಡುತ್ತದೆ.

ಗಟ್ಟಿಯಾದ ಮೇಲೆ ಅಚ್ಚಿನಿಂದ ತೆಗೆಯುವ ಮೊದಲೇ ಮೆಲ್ಲಗೆ ಕಾವೇರಿಸುತ್ತ 80 ಡಿಗ್ರಿಯವರೆಗೆ ಒಯ್ದು ಕೆಲವು ಗಂಟೆ ಬಿಡಬೇಕು. ಅಚ್ಚೂ ಆ ಶಾಖ ತಾಳುವಂತಿರಬೇಕು. ಟಿಜಿ ಏರುವುದು ಈ ಹಂತದಲ್ಲಿ. ಬಹಳ ಮಂದಿ ಬಿಟ್ಟುಬಿಡುವುದೂ ಇದನ್ನೇ.

ತಿಕೋಟಾದಲ್ಲಿ ಬಣ್ಣ ಕೆಡಬಾರದೆಂದು ದ್ರಾಕ್ಷಿಯನ್ನು ನೆರಳಿನ ಶೆಡ್ಡಿನಲ್ಲಿ ಒಣಗಿಸುತ್ತಾರೆ. ಎಪಾಕ್ಸಿಗೂ ನೇರ ಬಿಸಿಲು ಆಗದು, ಹಳದಿಗಟ್ಟುತ್ತದೆ. ಮೇಲೆ ಯುವಿ ತಡೆಯುವ, ಎರಡು ಭಾಗ ಕಲಸಿ ಹಚ್ಚುವ 2ಕೆ ಕ್ಲಿಯರ್ ಕೋಟ್ ಬೇಕೇ ಬೇಕು. ಕೊಳ್ಳುವಾಗ ಅಂಗಡಿಯವರಲ್ಲಿ ಡೇಟಾಶೀಟ್ ಕೇಳಿ. ಕಾಯಿಸಿದ ನಂತರದ ಟಿಜಿ 85 ಡಿಗ್ರಿಗಿಂತ ಕಡಿಮೆಯಿದ್ದರೆ ಬೇರೆ ಡಬ್ಬಿ ನೋಡಿ.